ಹಿರಿಯರ ಋಣ, ಕಿರಿಯರ ಭಯ: ಅಗ್ಗದ ದೆವ್ವದ ಚಿತ್ರಗಳ ಆಕರ್ಷಣೆಯನ್ನು ಕುರಿತು

ಶಾಸನ, ವ್ಯಾಕರಣ, ಹಳಗನ್ನಡ ಕಾವ್ಯಗಳಿಗೆ ಸಲ್ಲುವ ದತ್ತಿಪೀಠವೊಂದನ್ನು ಈ ಬಾರಿ ದೆವ್ವದ ಚಲನಚಿತ್ರಗಳಿಗೆ ಬಿಟ್ಟುಕೊಟ್ಟ ಪುಣೆಯ ಕನ್ನಡಿಗರ ಔದಾರ್ಯವನ್ನು ಉಪನ್ಯಾಸಕಾರರು ಮೊದಲಿಗೆ ನೆನೆಯಬೇಕಾಗಿದೆ. ಯಾರ ಹೆಸರಿನಲ್ಲಿ ಈ ದತ್ತಿ ನಡೆದುಬಂದಿದೆಯೋ ಆ ಹಿರಿಯರು ಇಂತಹ ಚಿತ್ರಗಳನ್ನು ಮೆಚ್ಚುತ್ತಿದ್ದರೆಂದು ಹೇಳುವ ಧೈರ್ಯ ಯಾರಿಗೂ ಬಾರದು. ಆದರೆ ಪ್ರಭಾತ್ ಕಂಪನಿಯು 1933ರಲ್ಲಿ ಕೊಲ್ಲಾಪುರದಿಂದ ಬಂದು ನೆಲೆಸಿದ ಊರಿನಲ್ಲಿ, ಅದೇ ಸ್ಟುಡಿಯೋದ ಆವರಣದಲ್ಲಿ 1960ರಿಂದ ಚಲನಚಿತ್ರ ಶಿಕ್ಷಣ ಸಂಸ್ಥೆ ಇರುವ, 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇರುವ ಊರಿನಲ್ಲಿ, ಸಿನಿಮಾ ಎಂಬುದು ವಿದ್ವತ್ತಿಗೆ ಹೊರಗಿನ ಮಾತಲ್ಲವೆಂಬುದನ್ನು ಅವರು ಒಪ್ಪದಿರಲಾರರು.

ಎಲ್ಲರೂ ಬಲ್ಲ ಸಂಗತಿಗಳನ್ನು ಬೇಗನೆ ಮುಗಿಸಬಹುದು. ಯುವಕ ಯುವತಿಯರ ಗುಂಪನ್ನು ಹಂತಕನೊಬ್ಬ ಒಬ್ಬೊಬ್ಬರನ್ನಾಗಿ ಮುಗಿಸುತ್ತ ಹೋಗುವ, 'ಸ್ಲ್ಯಾಷರ್' ಎಂದು ಹೆಸರಾದ ಪ್ರಕಾರಕ್ಕೆ ಜಾನ್ ಕಾರ್ಪೆಂಟರನ 'ಹ್ಯಾಲೋವೀನ್' (1978) ಅಚ್ಚು ಹಾಕಿಕೊಟ್ಟಿತು. ಸುಮಾರು 3 ಲಕ್ಷ ಡಾಲರಿನ ಆ ಚಿತ್ರ ಗಳಿಸಿದ ಲಾಭವೇ ಮುಂದಿನವರಿಗೆ ದಾರಿಯಾಯಿತು. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ' 15 ಸಾವಿರ ಡಾಲರಿನಲ್ಲೇ ಚಿತ್ರೀಕರಣ ಮುಗಿಸಿತು. ಭಾರತದಲ್ಲಿ ಈ ಕಸುಬು ರಾಮ್ಸೆ ಕುಟುಂಬದ್ದು. ಕರಾಚಿಯಲ್ಲಿ ರೇಡಿಯೋ ಅಂಗಡಿ ನಡೆಸುತ್ತಿದ್ದು ದೇಶ ವಿಭಜನೆಯ ನಂತರ ಮುಂಬಯಿಗೆ ಬಂದ ಎಫ್. ಯು. ರಾಮ್ಸೆಯವರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' (1970) ಸೋತರೂ, ಪೃಥ್ವಿರಾಜ್ ಕಪೂರ್ ಮುಖವಾಡ ತೊಟ್ಟು ಕಳ್ಳತನ ಮಾಡುವ ದೃಶ್ಯಕ್ಕೆ ಮಾತ್ರ ಜನ ಮುಗಿಬೀಳುವುದನ್ನು ಅವರ ಮಕ್ಕಳು ಗಮನಿಸಿದರು. ಪುಣೆಯಿಂದ ಸುಮಾರು 120 ಕಿಲೋಮೀಟರ್ ದೂರದ ಮಹಾಬಲೇಶ್ವರದಲ್ಲಿ ಬೀಡುಬಿಟ್ಟು ಅವರು ತೆಗೆದ 'ದೋ ಗಜ್ ಜಮೀನ್ ಕೇ ನೀಚೇ' (1972) ಆ ಗಮನಿಕೆಯ ಫಲ. ಇಷ್ಟು ಇತಿಹಾಸ ಸಾಕು.

ವಿವಾದವಿರುವುದು ಆಕರ್ಷಣೆಯ ಕಾರಣದಲ್ಲಿ. ಹದಿನೇಳು ಹದಿನೆಂಟರ ವಯಸ್ಸಿನವರು ಕಾಸು ಕೊಟ್ಟು ಹೆದರಿಕೊಳ್ಳಲು ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯ ಅಭ್ಯಾಸಿಗಳು ಕೂಡಲೇ ಭಯಾನಕ ರಸದತ್ತ ಬೆರಳು ತೋರುತ್ತಾರೆ: ಭಯವೆಂಬ ಸ್ಥಾಯಿಭಾವವು ಸಾಧಾರಣೀಕರಣದಿಂದ, ಅಂದರೆ 'ನನ್ನದು, ಅವನದು' ಎಂಬ ಸಂಬಂಧ ಕಳಚಿ ಎಲ್ಲರಿಗೂ ಸಮಾನವಾಗಿ ಅನುಭವಕ್ಕೆ ಬರುವುದರಿಂದ, ಆಸ್ವಾದ್ಯವಾಗುತ್ತದೆ ಎಂಬುದು ಅವರ ನಿಲುವು. ಅಭಿನವಗುಪ್ತನು ಶಾಕುಂತಲದ ಓಡುವ ಜಿಂಕೆಯನ್ನು ಮುಂದಿಟ್ಟುಕೊಂಡು ನಡೆಸಿದ ವಿವೇಚನೆಯನ್ನು ಅಲ್ಲಗಳೆಯಲು ಯಾರಿಂದಲೂ ಆಗದು. ಆದರೆ ಅದು ಭಯ ಹೇಗೆ ಹಿತವಾಗುತ್ತದೆ ಎಂಬುದಕ್ಕೆ ಉತ್ತರವೇ ಹೊರತು, ಇದೇ ವಯಸ್ಸಿನವರಿಗೆ, ಇಂತಹ ಅಗ್ಗದ ಚಿತ್ರವೇ ಏಕೆ ಬೇಕು ಎಂಬುದಕ್ಕೆ ಅಲ್ಲ.

ಮನಶ್ಶಾಸ್ತ್ರದ ಕಡೆಯಿಂದ ಡಾಲ್ಫ್ ಜಿಲ್ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಉದ್ಧರಣೆಗೆ ಒಳಗಾಗಿದೆ. ಜೊತೆಗಿದ್ದ ಹುಡುಗಿ ಹೆದರಿದಾಗ ಹುಡುಗರು ಚಿತ್ರವನ್ನು ಹೆಚ್ಚು ಮೆಚ್ಚಿದರು, ಹುಡುಗ ಧೈರ್ಯದಿಂದ ಕುಳಿತಾಗ ಹುಡುಗಿಯರು ಹೆಚ್ಚು ಮೆಚ್ಚಿದರು ಎಂಬುದು ಅದರ ತಿರುಳು. ಇದು ನಿಜವೇ ಇರಬಹುದು. ಆದರೆ ಇಷ್ಟೇ ಕಾರಣವಾಗಿದ್ದರೆ ಜಾತ್ರೆಯ ತೊಟ್ಟಿಲು ಅದೇ ಕೆಲಸವನ್ನು ಇನ್ನೂ ಕಡಿಮೆ ಹಣಕ್ಕೆ ಮಾಡಿಕೊಡುತ್ತಿತ್ತು. ಅಲ್ಲದೆ, ಹುಡುಗರೇ ಗುಂಪುಗೂಡಿ ಹೋಗುತ್ತಿದ್ದ ನಮ್ಮ ಊರುಗಳ ಚಿತ್ರಮಂದಿರಗಳ ಬಗ್ಗೆ ಈ ವಾದ ಏನನ್ನೂ ಹೇಳುವುದಿಲ್ಲ. ಸಮಾಜ ಅದುಮಿಟ್ಟದ್ದು ರಾಕ್ಷಸರೂಪದಲ್ಲಿ ಮರಳುತ್ತದೆ ಎಂದ ರಾಬಿನ್ ವುಡ್, ಕೊನೆಗೆ ಉಳಿದು ಹಂತಕನನ್ನು ಎದುರಿಸುವ ಹುಡುಗಿಯನ್ನು 'ಫೈನಲ್ ಗರ್ಲ್' ಎಂದು ಹೆಸರಿಸಿದ ಕ್ಯಾರಲ್ ಕ್ಲೋವರ್ ಇವರಿಬ್ಬರೂ ಹೆಚ್ಚು ಆಳಕ್ಕೆ ಇಳಿದವರು. ಅವರನ್ನು ಓದಿದ ನಮ್ಮವರು ಮಾತ್ರ 'ಪ್ರಣಯಕ್ಕೆ ಶಿಕ್ಷೆ ಮರಣ' ಎಂಬ ಸೂತ್ರವೊಂದನ್ನು ಹಿಂಡಿಕೊಂಡು ಅದನ್ನೇ ಹಿಂದಿ, ಕನ್ನಡ, ಮರಾಠಿ ಚಿತ್ರಗಳಿಗೂ ಅಂಟಿಸುತ್ತಾರೆ. ಈ ಉಪನ್ಯಾಸದ ಮುಖ್ಯ ತಕರಾರು ಅಲ್ಲಿದೆ.

ತುಳಸಿ ಮತ್ತು ಶ್ಯಾಮ್ ರಾಮ್ಸೆ ನಿರ್ದೇಶಿಸಿದ 'ಪುರಾನಾ ಮಂದಿರ್' (1984) ಚಿತ್ರವನ್ನು ಸಾವಧಾನವಾಗಿ ನೋಡಿದರೆ ಆ ಸೂತ್ರ ನಿಲ್ಲುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ಬಿಜಾಪುರದ ರಾಜನೊಬ್ಬ ಸಾಮ್ರಿ ಎಂಬ ದುಷ್ಟನ ತಲೆ ಕಡಿಸುತ್ತಾನೆ. ಅವನು ಸಾಯುವಾಗ, ರಾಜವಂಶದ ಹೆಣ್ಣುಗಳೆಲ್ಲ ಹೆರಿಗೆಯಲ್ಲೇ ಸಾಯಲೆಂದು ಶಪಿಸುತ್ತಾನೆ. ಇಂದಿನ ಕಾಲದ ಕಾಲೇಜು ಹುಡುಗಿ ಸುಮನ್ ಪ್ರೀತಿಸಿದ್ದರಿಂದ ಶಾಪ ತಗಲುವುದಿಲ್ಲ, ಆ ಮನೆಯಲ್ಲಿ ಹುಟ್ಟಿದ್ದರಿಂದಲೇ ತಗಲಿರುತ್ತದೆ. ಅವಳ ತಂದೆಗೆ ಎಲ್ಲವೂ ಗೊತ್ತು. ಮದುವೆ ತಪ್ಪಿಸಲು ಬೇರೆ ದಾರಿ ಇಲ್ಲದಾದಾಗಷ್ಟೇ ಬಾಯಿ ಬಿಡುತ್ತಾನೆ. ಸಾಮ್ರಿಯ ರುಂಡವನ್ನು ಪೆಟ್ಟಿಗೆಯಲ್ಲಿ ಹಾಕಿ ಪೂರ್ವಿಕರು ಬಚ್ಚಿಟ್ಟದ್ದು ಬೇರೆಲ್ಲೂ ಅಲ್ಲ, ಸ್ವಂತ ಹವೇಲಿಯಲ್ಲಿ. (ಪ್ರಾಸಂಗಿಕವಾಗಿ ಹೇಳುವುದಾದರೆ, 1984ರಿಂದ ಇನ್ನೂರು ವರ್ಷ ಹಿಂದಕ್ಕೆ ಹೋದರೆ ಬಿಜಾಪುರದಲ್ಲಿ ರಾಜನೂ ಇರಲಿಲ್ಲ, ಸುಲ್ತಾನನೂ ಇರಲಿಲ್ಲ, 1760ರಲ್ಲಿ ನಿಜಾಮನಿಂದ ಪಡೆದುಕೊಂಡ ಆ ಸೀಮೆ ಪುಣೆಯ ಪೇಶ್ವೆಗಳ ಆಡಳಿತದಲ್ಲಿತ್ತು. ಗೋಳಗುಮ್ಮಟದ ಊರನ್ನು ಹೆಸರಿಗಷ್ಟೇ ಬಳಸಿಕೊಂಡ ಚಿತ್ರವನ್ನು ವಿಜಾಪುರದವರು ಕ್ಷಮಿಸಬೇಕು.)

ಅದೇ 1984ರಲ್ಲಿ ತೆರೆಕಂಡ ವೆಸ್ ಕ್ರೇವನನ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ಚಿತ್ರದಲ್ಲಿ, ಕಾನೂನಿನ ಲೋಪದಿಂದ ಬಿಡುಗಡೆಯಾದ ಶಿಶುಹಂತಕನನ್ನು ಬೀದಿಯ ತಂದೆತಾಯಿಗಳೇ ಸುಟ್ಟು ಕೊಂದು ಸುಮ್ಮನಾಗಿರುತ್ತಾರೆ, ಅವನು ಮಕ್ಕಳ ಕನಸಿಗೆ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ಅವನ ಚಾಕುಗಳುಳ್ಳ ಕೈಗವಸು ಸಿಗುವುದು ನಾಯಕಿಯ ಮನೆಯ ನೆಲಮಾಳಿಗೆಯ ಒಲೆಯಲ್ಲಿ, ಅದನ್ನು ಅಲ್ಲಿಟ್ಟವಳು ಅವಳ ತಾಯಿ. ಎರಡು ದೇಶಗಳಲ್ಲಿ, ಒಂದೇ ವರ್ಷ, ಒಬ್ಬರ ಅರಿವು ಇನ್ನೊಬ್ಬರಿಗೆ ಇರುವ ಸಂಭವವೇ ಇಲ್ಲದೆ ಬಂದ ಈ ಹೋಲಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಸುಲಭವಲ್ಲ. ರಾಮ್ಸೆಯವರು ಮುಂದೆ ಆ ಅಮೆರಿಕನ್ ಚಿತ್ರವನ್ನು 'ಮಹಾಕಾಲ್' ಎಂದು ಹಿಂದಿಗೆ ಇಳಿಸಿಕೊಂಡಾಗ ಅವರು ತಮ್ಮದೇ ವಸ್ತುವನ್ನು ಅಲ್ಲಿ ಗುರುತಿಸಿದರೆಂದೇ ತಿಳಿಯಬೇಕು. ಹಿರಿಯರು ಮಾಡಿ ಮುಚ್ಚಿಟ್ಟದ್ದರ ಲೆಕ್ಕ ಕಿರಿಯರಿಂದ ವಸೂಲಾಗುವುದು, ಆ ಸಂಗತಿ ಮನೆಯೊಳಗೇ ಅಡಗಿರುವುದು, ಅದನ್ನು ಅಗೆದು ತೆಗೆಯುವ ಹೊಣೆಯೂ ಕಿರಿಯರದ್ದೇ ಆಗುವುದು: ಇದೇ ಈ ಚಿತ್ರಗಳ ಸೆಳೆತದ ಮೂಲವೆಂಬುದು ಇಲ್ಲಿ ಮಂಡಿತವಾಗುತ್ತಿರುವ ಪಕ್ಷ. ಓದು, ಮದುವೆ, ಆಸ್ತಿ, ಜಾತಿ ಎಲ್ಲದರಲ್ಲೂ ತಾನು ಕೇಳದ ನಿರ್ಣಯಗಳ ಫಲವನ್ನು ಉಣ್ಣುತ್ತಿರುವ ವಯಸ್ಸಿಗೆ ಇದಕ್ಕಿಂತ ನೇರವಾದ ಕಥೆ ಬೇರೊಂದಿಲ್ಲ.

ಪುಣೆಯ ಶ್ರೋತೃಗಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೂ ಇರಲಾರದು. ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯಲ್ಲಿ ಹುಣ್ಣಿಮೆಯ ರಾತ್ರಿ ಕೇಳಿಸುತ್ತದೆಂದು ಊರು ನಂಬಿರುವ ಕೂಗು ಮುದುಕನದ್ದಲ್ಲ, ಯೋಧನದ್ದೂ ಅಲ್ಲ. 1773ರ ಆಗಸ್ಟ್ 30ರಂದು ಗಾರ್ದಿ ಸೈನಿಕರು ಕೊಂದಾಗ ನಾರಾಯಣರಾವ್ ಪೇಶ್ವೆಗೆ ವಯಸ್ಸು ಬರೇ 18. ಆ ಕೂಗು 'ಕಾಕಾ, ನನ್ನನ್ನು ಕಾಪಾಡು' ಎಂದು ಕರೆಯುವುದು ಸಂಚಿನ ಹಿಂದೆ ಇದ್ದ ಚಿಕ್ಕಪ್ಪನನ್ನೇ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ಆ ಚಿಕ್ಕಪ್ಪ ರಘುನಾಥರಾಯನನ್ನು ತಪ್ಪಿತಸ್ಥನೆಂದರೂ ಶಿಕ್ಷೆ ಜಾರಿಯಾಗಲಿಲ್ಲ. ಪ್ರವಾಸಿಗರ ಕೈಪಿಡಿಗಳು ಇದನ್ನು ರೋಚಕ ದಂತಕಥೆಯೆಂದು ಮುಗಿಸುತ್ತವೆ. ಆದರೆ ತೀರ್ಪು ಹೊರಬಿದ್ದೂ ತೀರದೆ ಉಳಿದ ಮನೆಯ ಅಪರಾಧವೊಂದು ಹುಡುಗನ ದನಿಯಲ್ಲೇ ಉಳಿಯಿತೆಂಬುದು ಈ ಊರಿನ ಜನ ತಾವೇ ಕಟ್ಟಿಕೊಂಡ ವ್ಯಾಖ್ಯಾನ.

ಇಲ್ಲಿ ಬಂಡವಾಳದ ಮಾತು ಬರುತ್ತದೆ. ಕಡಿಮೆ ಹಣ ಈ ಚಿತ್ರಗಳ ದೌರ್ಬಲ್ಯವೆಂದೂ, ನೋಡುಗರು ಅದನ್ನು ಸಹಿಸಿಕೊಳ್ಳುತ್ತಾರೆಂದೂ ಭಾವಿಸುವ ವಿಮರ್ಶಕರು ಒಂದು ಸರಳ ಸಂಗತಿಯನ್ನು ಕಡೆಗಣಿಸಿದ್ದಾರೆ. ತಾರೆಯೊಬ್ಬ ತೆರೆಯ ಮೇಲೆ ಬಂದೊಡನೆ ಅವನು ಬದುಕುತ್ತಾನೆಂಬುದು ಖಚಿತವಾಗುತ್ತದೆ, ಭಯ ಅಲ್ಲಿಗೆ ಅರ್ಧ ಸತ್ತಂತೆ. 'ಆಪ್ತಮಿತ್ರ' (2004) ಎಷ್ಟೇ ಜನಪ್ರಿಯವಾದರೂ ಈ ಪ್ರಕಾರಕ್ಕೆ ಸೇರದಿರುವುದು ಅದಕ್ಕಾಗಿ: ವಿಷ್ಣುವರ್ಧನ್ ಅವರ ವೈದ್ಯ ಮನೆಗೆ ಕಾಲಿಟ್ಟ ಕ್ಷಣದಿಂದ ಬಲ್ಲ ಹಿರಿಯನೊಬ್ಬ ಎಲ್ಲವನ್ನೂ ಸರಿಪಡಿಸುವನೆಂಬ ಭರವಸೆ ನೋಡುಗರಿಗೆ ಸಿಕ್ಕಿಬಿಡುತ್ತದೆ. ಗುರುತಿಲ್ಲದ ಮುಖಗಳಿಗೆ ಅಂತಹ ರಕ್ಷಣೆ ಇಲ್ಲ, ಅವರು ನೋಡುಗನಷ್ಟೇ ಅನಾಥರು. ಇದರಲ್ಲೊಂದು ವಿನೋದವೂ ಇದೆ. ಮನೆತನದ ಶಾಪವನ್ನೇ ಕಥೆಯಾಗಿಸಿಕೊಂಡ ರಾಮ್ಸೆಯವರದು ಏಳು ಮಂದಿ ಅಣ್ಣತಮ್ಮಂದಿರ ಅವಿಭಕ್ತ ಕುಟುಂಬ. ಕುಮಾರ್ ಬರವಣಿಗೆ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಹೀಗೆ ಕೆಲಸ ಹಂಚಿಕೊಂಡು, ಹೆಂಗಸರು ಚಿತ್ರತಂಡಕ್ಕೆ ಅಡುಗೆ ಮಾಡಿ ಹಾಕಿ, ತಂದೆಯ ಯಜಮಾನಿಕೆಯಲ್ಲೇ ತಂದೆಯರ ಪಾಪದ ಚಿತ್ರಗಳನ್ನು ತೆಗೆದರು. ಕೂಡುಕುಟುಂಬದ ಉಸಿರುಗಟ್ಟುವಿಕೆಯನ್ನು ಇಷ್ಟು ಹತ್ತಿರದಿಂದ ಬಲ್ಲ ಚಿತ್ರತಂಡ ಬೇರೆ ಇದ್ದಿರಲಾರದು.

ಈ ಪಕ್ಷದ ವಿರುದ್ಧ ಎತ್ತಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಕನ್ನಡದಿಂದಲೇ ಬರುತ್ತದೆ. ಕೆ. ಎಸ್. ಅಶೋಕ ನಿರ್ದೇಶಿಸಿದ '6-5=2' (2013), ಚಾರಣಕ್ಕೆ ಹೋದ ಆರು ಮಂದಿಯ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೇ ಇವು ಎಂಬ ಸೋಗಿನಲ್ಲಿ ಕಟ್ಟಿದ ಚಿತ್ರ; ಹೆಸರಾಂತ ನಟರಿಲ್ಲದೆ ಗೆದ್ದು, ಮರುವರ್ಷವೇ ಹಿಂದಿಗೂ ಹೋಯಿತು. ಅಲ್ಲಿ ಹವೇಲಿಯಿಲ್ಲ, ಶಪ್ತ ವಂಶವಿಲ್ಲ, ಗುಟ್ಟು ಮುಚ್ಚಿಟ್ಟ ತಂದೆಯೂ ಇಲ್ಲ, ಕಾಡು ಮಾತ್ರ ಇದೆ. 'ಹ್ಯಾಲೋವೀನ್'ನಲ್ಲೂ ಹಿರಿಯರ ಋಣವಿಲ್ಲವೆಂದು ಇದಕ್ಕೆ ಜೊತೆಗೂಡಿಸಬಹುದು. ಎರಡನೆಯದಕ್ಕೆ ಉತ್ತರ ಸುಲಭ: ಹಂತಕನಿಂದ ತಪ್ಪಿಸಿಕೊಂಡ ಹುಡುಗಿ ನೆರೆಮನೆಯ ಬಾಗಿಲು ಬಡಿದಾಗ ಒಳಗಿನವರು ದೀಪ ಆರಿಸಿಕೊಳ್ಳುವ ದೃಶ್ಯವನ್ನು ಆಕ್ಷೇಪಿಸುವವರು ಮರೆತಿರುತ್ತಾರೆ, ಅಲ್ಲಿ ಹಿರಿಯರು ಪಾಪ ಮಾಡಿಲ್ಲ, ಕೈಬಿಟ್ಟಿದ್ದಾರೆ. ಮೊದಲನೆಯದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಗುರುತಿಲ್ಲದ ಮುಖಗಳ ವಾದವನ್ನು '6-5=2' ಪೂರ್ಣವಾಗಿ ಸಮರ್ಥಿಸುತ್ತದೆ, ಋಣದ ವಾದವನ್ನು ಸಮರ್ಥಿಸುವುದಿಲ್ಲ; ಮನೆಯಿಂದ ದೂರ ಹೋದವರ ಭಯ ಬೇರೆಯೇ ಒಂದು ಕವಲೆಂದು ಒಪ್ಪಿಕೊಳ್ಳುವುದು, ಎಳೆದಾಡಿ ಅದನ್ನೂ ಸೂತ್ರದೊಳಗೆ ತೂರಿಸುವುದಕ್ಕಿಂತ ಮೇಲು.

ಮನೆಯ ಕವಲು ಮಾತ್ರ ಬತ್ತಿಲ್ಲವೆಂಬುದಕ್ಕೆ 'ತುಂಬಾಡ್' (2018) ಸಾಕ್ಷಿ. ಅದು ಹದಿಹರೆಯದವರಿಗೆಂದು ಮಾಡಿದ ಚಿತ್ರವಲ್ಲ, ರಾಮ್ಸೆಯವರಷ್ಟು ಅಗ್ಗದ್ದೂ ಅಲ್ಲ. ಆದರೆ ಅದರ ಬೇರು ಪುಣೆಯಲ್ಲಿದೆ: ಮರಾಠಿ ಭಯಕಥೆಗಳನ್ನು ದಶಕಗಳ ಕಾಲ ಇಲ್ಲಿಂದಲೇ ಬರೆದ ನಾರಾಯಣ ಧಾರಪರ ಕಥೆ ಅದಕ್ಕೆ ಪ್ರೇರಣೆ, ಪಕ್ಕದ ಸಾಸ್ವಡದ ಹಳೆಯ ವಾಡೆಯೇ ಅದರ ಮನೆ. ತಂದೆ ಗಳಿಸುವ ಬಗೆಯನ್ನು ಕಲಿತ ಹುಡುಗ ಕೊನೆಯಲ್ಲಿ ತಂದೆ ನೀಡಿದ ಚಿನ್ನದ ಗಂಟನ್ನು ಮುಟ್ಟದೆ ನಿರಾಕರಿಸುತ್ತಾನೆ. 'ಪುರಾನಾ ಮಂದಿರ್'ನ ಕಿರಿಯರು ಋಣವನ್ನು ಹೋರಾಡಿ ತೀರಿಸಿದರೆ ಈ ಹುಡುಗ ವಾರಸುದಾರಿಕೆಯನ್ನೇ ಬಿಟ್ಟುಕೊಡುತ್ತಾನೆ; ಸುಮಾರು ಮೂರೂವರೆ ದಶಕಗಳಲ್ಲಿ ಈ ಪ್ರಕಾರ ನಡೆದ ದೂರ ಅಷ್ಟು. 2024ರಲ್ಲಿ ಮರುಬಿಡುಗಡೆಯಾದಾಗ ಚಿತ್ರ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಅದಕ್ಕೆ ದೊರೆತದ್ದು ವಯಸ್ಕರಿಗಷ್ಟೇ ಪ್ರವೇಶ ಕೊಡುವ 'ಎ' ಪ್ರಮಾಣಪತ್ರ, ಹಾಗಾಗಿ ಆ ನಿರ್ಧಾರವನ್ನು ಕೈಗೊಂಡ ಹುಡುಗನ ವಯಸ್ಸಿನವರು ಚಿತ್ರಮಂದಿರದಲ್ಲಿ ಅದನ್ನು ನೋಡುವಂತಿರಲಿಲ್ಲ. ಚಲನಚಿತ್ರ ಕಾಯ್ದೆಯ 2023ರ ತಿದ್ದುಪಡಿಯಿಂದ, ಹೆತ್ತವರ ಮಾರ್ಗದರ್ಶನ ಬೇಕೆನ್ನುವ 'ಯುಎ' ವರ್ಗವು 7, 13, 16 ವರ್ಷ ಎಂಬ ಮೂರು ಮೆಟ್ಟಿಲುಗಳಾಗಿದೆ. ಭಯದ ಚಿತ್ರವೊಂದನ್ನು ಯಾವ ಮೆಟ್ಟಿಲಿನಲ್ಲಿ ಇರಿಸಬೇಕೆಂದು ತೀರ್ಮಾನಿಸುವಾಗ ಸೆನ್ಸಾರ್ ಮಂಡಳಿಯು ರಕ್ತವೆಷ್ಟು ಹರಿಯಿತು ಎಂಬುದನ್ನಷ್ಟೇ ಅಳೆಯದೆ, ಅಪರಾಧ ಯಾರದು, ಅದನ್ನು ಮುಚ್ಚಿಟ್ಟವರು ಯಾರು ಎಂಬುದನ್ನೂ ಕೇಳಬೇಕೆಂಬುದು ಈ ಉಪನ್ಯಾಸದ ವಿನಂತಿ.