ದೀಪದ ಗೂಡಿನಲ್ಲಿ ರಾಜವೇಷ



ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ತೆಂಕುತಿಟ್ಟಿನ ರಾಜವೇಷವನ್ನು ಬಣ್ಣಿಸಬೇಕಾದುದಿಲ್ಲ. ದಿವಂಗತ ವೇಷಧಾರಿಯೊಬ್ಬರ ಮನೆಯವರು ಅದನ್ನು ನಮ್ಮ ಸಂಘಕ್ಕೊಪ್ಪಿಸಿದಾಗ, ಮರದ ಬೊಂಬೆಗೆ ತೊಡಿಸಿ ಗಾಜಿನ ಗೂಡಿನಲ್ಲಿ ನಿಲ್ಲಿಸಿದೆವು. ನೆತ್ತಿಯ ಮೇಲೆಯೇ ದೀಪವಿರಿಸಿದುದು ನಮ್ಮ ಅವಿವೇಕ. ಕಿರೀಟದ ನೆರಳು ಮುಖವನ್ನು ನುಂಗಿತು. ಭುಜಕೀರ್ತಿಯ ಬೇಗಡೆ ಮಂಕಾಯಿತು. ಆ ಮನೆಯ ಅಜ್ಜಿ ನೋಡಿ, “ಇದು ನಮ್ಮವರ ವೇಷವೇ ಅಲ್ಲ” ಎಂದರು. ದೊಂದಿಬೆಳಕಿನ ಆಟದಲ್ಲಿ ಬೆಳಕೆಲ್ಲಿಂದ ಬೀಳುತ್ತಿತ್ತೆಂದು ಅವರನ್ನೇ ಕೇಳಿದೆವು. ಇಕ್ಕೆಲದಿಂದ, ಎದೆಯ ಮಟ್ಟದಲ್ಲಿ, ಎಂದರು. ಅಂತೆಯೇ ಹಳದಿ ಛಾಯೆಯ ಎಲ್‌ಇಡಿ ದೀಪಗಳನ್ನು ಕಂಬಗಳ ಮರೆಯಲ್ಲಿ ಜೋಡಿಸಿದೆವು. ಬೇಗಡೆ ಮಿನುಗಿತು. ಬೆಳಕು ಬಟ್ಟೆಯ ಬಣ್ಣವನ್ನು ಮೆಲ್ಲನೆ ತಿನ್ನುವುದರಿಂದ, ನೋಡುವವರಿದ್ದಾಗಷ್ಟೇ ದೀಪ ಹಚ್ಚುತ್ತೇವೆ. ಅಜ್ಜಿ ಮರಳಿ ಬಂದ ದಿನ ಮಾತ್ರ ಬಹಳ ಹೊತ್ತು ಆರಿಸಲಿಲ್ಲ.