ಪಗಾರದ ದಿನವೇ ಜೂನ್ ತಿಂಗಳನ್ನು ನೆನೆಯಿರಿ
(ಕನ್ನಡ ಶಾಲೆಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಚಿಕ್ಕ ಸಂಸಾರದವರು ದಿನನಿತ್ಯದ ಖರ್ಚಿನಲ್ಲಿ ನಾಲ್ಕು ದುಡ್ಡು ಉಳಿಸುವುದು ಹೇಗೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ನಾನು ಬಿ.ಎಡ್. ಕಲಿತ ಶಿಕ್ಷಕಿ, ಅರ್ಥಶಾಸ್ತ್ರ ಕಲಿತವಳಲ್ಲ. ಆದರೆ ಮಗುವಿನ ಪಾಟಿಚೀಲ ನೋಡಿದರೆ ಮನೆಯ ಲೆಕ್ಕ ಶಿಕ್ಷಕರಿಗೆ ಅರ್ಧ ತಿಳಿಯುತ್ತದೆ. ಅಷ್ಟರ ಬಲದಿಂದ ಮಾತನಾಡುತ್ತೇನೆ.

ಉಳಿತಾಯದ ಪುಸ್ತಕಗಳಲ್ಲಿ 'ತಿಂಗಳ ಸಂಬಳದ ಹತ್ತನೆಯ ಒಂದು ಪಾಲು ತೆಗೆದಿಡಿ' ಎಂದು ಬರೆದಿರುತ್ತಾರೆ. ನಮ್ಮಲ್ಲಿ ತಿಂಗಳ ಸಂಬಳ ಇರುವವರು ಎಷ್ಟು ಜನ? ಇಚಲಕರಂಜಿಯ ಮಗ್ಗದ ಕೆಲಸಗಾರರಿಗೆ ನೇಯ್ದ ಬಟ್ಟೆಯ ಲೆಕ್ಕದಲ್ಲಿ ವಾರದ ಪಗಾರ. ಗಡಹಿಂಗ್ಲಜ ಕಡೆಯವರಿಗೆ ಹಾಲಿನ ಬಿಲ್ಲು ಒಮ್ಮೆ, ಕಬ್ಬಿನ ಬಿಲ್ಲು ಇನ್ನೊಮ್ಮೆ. ಕೊಲ್ಲಾಪುರದಲ್ಲಿ ರಿಕ್ಷಾ ಓಡಿಸುವವರಿಗೆ ದಿನದ ಗಳಿಕೆ. ದುಡ್ಡು ಬರುವ ದಾರಿ ಬೇರೆ ಬೇರೆಯಾದಾಗ ಉಳಿಸುವ ರೀತಿಯೂ ಬೇರೆಯಾಗಬೇಕು. ಆದರೆ ಈ ಮೂರೂ ಊರಿನ ಮನೆಗಳು ಒಂದೇ ತಿಂಗಳಲ್ಲಿ ಮುಗ್ಗರಿಸುತ್ತವೆ. ಅದು ಜೂನ್.

ಜೂನ್ ನಡುವೆ ಶಾಲೆ ಸುರುವಾಗುತ್ತದೆ. ನೋಟುಬುಕ್ಕು, ಚೀಲ, ರೇನ್‌ಕೋಟು, ಚಪ್ಪಲಿ ಎಲ್ಲ ಒಂದೇ ಸಲ ಬೇಕು. ಅದೇ ಹೊತ್ತಿಗೆ ಮಳೆ. ಮನೆಯ ಹೆಂಚು ಸರಿ ಮಾಡಿಸಬೇಕು, ಹೊಲ ಇದ್ದವರಿಗೆ ಬೀಜ ಗೊಬ್ಬರ ಬೇಕು. 'ಅಕ್ಕೋರ, ಮುಂದಿನ ವಾರ ಪಗಾರ ಆದಮ್ಯಾಲ ತರ್ತೇವ್ರಿ' ಎಂದು ತಾಯಂದಿರು ನನಗೆ ಹೇಳುತ್ತಾರೆ. ಮುಂದಿನ ವಾರ ವಹಿ ಬರುತ್ತದೆ, ಸಾಲವೂ ಅದರ ಜೊತೆಗೇ ಬರುತ್ತದೆ.

ಆ ಸಾಲದ ಲೆಕ್ಕವನ್ನು ಸ್ವಲ್ಪ ನೋಡೋಣ. ನಮ್ಮ ಕಡೆ ಕೈಗಡ ಕೊಡುವವರು 'ಶೇಕಡಾ ಐದು' ಎನ್ನುತ್ತಾರೆ. ಕೇಳಲು ಸಣ್ಣದು, ಬ್ಯಾಂಕಿಗಿಂತ ಕಡಿಮೆ ಎಂದೇ ಅನಿಸುತ್ತದೆ. ಬ್ಯಾಂಕು ಹೇಳುವುದು ವರ್ಷದ ಬಡ್ಡಿ, ಇವರು ಹೇಳುವುದು ತಿಂಗಳ ಬಡ್ಡಿ. 10,000 ರೂಪಾಯಿಗೆ ತಿಂಗಳಿಗೆ 500, ವರ್ಷಕ್ಕೆ 6,000. ಅಷ್ಟು ಕೊಟ್ಟ ಮೇಲೂ ಅಸಲು 10,000 ಹಾಗೆಯೇ ನಿಂತಿರುತ್ತದೆ. ಮುಂದಿನ ಜೂನ್ ಬಂದಾಗ ಹಳೆಯದರ ಮೇಲೆ ಹೊಸದು. ಹೀಗೆ ಎರಡು ಮೂರು ವರ್ಷ ಆದ ಮನೆಯಲ್ಲಿ ಎಂಟನೆಯ ಇಯತ್ತೆಯ ಹುಡುಗ ಮಗ್ಗಕ್ಕೆ ಹೋಗುತ್ತಾನೆ, ಇಲ್ಲವೆ ಹುಡುಗಿಗೆ ಗಂಡು ನೋಡುತ್ತಾರೆ. ಹಾಜರಿ ಪುಸ್ತಕದಲ್ಲಿ ನಾವು 'ಗೈರುಹಾಜರು' ಎಂದು ಬರೆಯುತ್ತ ಹೋಗುತ್ತೇವೆ. ಅದಕ್ಕೇ ನನಗೆ ಈ ವಿಷಯ ಶಾಲೆಯ ವಿಷಯವೆಂದೇ ಅನಿಸುತ್ತದೆ.

ಹಾಗಾದರೆ ದೀಪಾವಳಿಯಿಂದಲೇ ಸುರು ಮಾಡಿರಿ. ದೀಪಾವಳಿಯಿಂದ ಜೂನ್‌ವರೆಗೆ ಸುಮಾರು ಮೂವತ್ತು ವಾರ. ವಾರಕ್ಕೆ 200 ರೂಪಾಯಿ ತೆಗೆದಿಟ್ಟರೆ 6,000 ಆಯಿತು. ಅಂದರೆ ಮೇಲೆ ಹೇಳಿದ ಸಾಲಗಾರನಿಗೆ ಒಂದು ವರ್ಷ ಕೊಡುವ ಬಡ್ಡಿಯಷ್ಟು. 200 ಆಗದವರು 50 ಇಡಿರಿ. 1,500 ಆದರೆ ವಹಿ, ರೇನ್‌ಕೋಟಿನ ಚಿಂತೆ ಕಡಿಮೆಯಾಗುತ್ತದೆ. ಆದರೆ ಒಂದು ಮಾತು: ಕಿರಾಣಿ ಅಂಗಡಿಗೆ ಹೋಗಿ ಬಂದ ಮೇಲೆ ಉಳಿದದ್ದನ್ನು ಇಡುತ್ತೇನೆ ಎಂದರೆ ಏನೂ ಉಳಿಯುವುದಿಲ್ಲ. ಪಗಾರ ಕೈಗೆ ಬಂದ ಸಂಜೆಯೇ, ಚೀಲ ಹಿಡಿದು ಬಜಾರಕ್ಕೆ ಹೊರಡುವ ಮೊದಲೇ ಅದನ್ನು ಬೇರೆ ಮಾಡಬೇಕು. ಡಬ್ಬಿಯ ಮೇಲೆ 'ಜೂನ್' ಎಂದು ಮಗುವಿನ ಕೈಯಿಂದಲೇ ಬರೆಸಿರಿ. ಹೆಸರಿಲ್ಲದ ದುಡ್ಡಿಗೆ ಎಲ್ಲರೂ ಕೈ ಹಾಕುತ್ತಾರೆ. ಹಾಲಿನ ಬಿಲ್ಲಿನವರು ಪ್ರತಿ ಬಿಲ್ಲಿಗೆ, ರಿಕ್ಷಾದವರು ದಿನಾಲು ಮಾಡಬಹುದು. ಕಬ್ಬಿನವರದು ಮಾತ್ರ ಬೇರೆ: ದೊಡ್ಡ ಮೊತ್ತ ಒಮ್ಮೆಲೇ ಬರುತ್ತದೆ, ಒಮ್ಮೆಲೇ ಹೋಗುತ್ತದೆ. ಬಿಲ್ಲು ಜಮಾ ಆದ ದಿನವೇ ಶಾಲೆಯ ಪಾಲನ್ನು ಬೇರೆ ಖಾತೆಗೆ ಹಾಕುವುದು ಒಳ್ಳೆಯದು.

ಇಷ್ಟು ಸಣ್ಣ ದುಡ್ಡಿನಿಂದ ಏನಾಗುತ್ತದೆ ಎಂದು ನಗಬೇಡಿರಿ. ಕೈಮಗ್ಗದ ಧಂದೆ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಎಂಬವರು ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಸುರು ಮಾಡಿತು. ಏಜಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದರು. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂದು ಇಲ್ಲಿಯ ಮರಾಠಿ ನೆರೆಯವರೂ 'ಪಿಗ್ಮಿ' ಎನ್ನುತ್ತಾರಲ್ಲ, ಆ ಮಾತು ಕನ್ನಡ ನಾಡಿನ ನೇಕಾರರ ಕಷ್ಟದಿಂದ ಹುಟ್ಟಿದ್ದು. 1904ರಿಂದ ವಿದ್ಯುತ್ ಮಗ್ಗ ಓಡಿಸುತ್ತಿರುವ ಇಚಲಕರಂಜಿಗೆ ಇದು ಪರಕೀಯ ಕಥೆಯಲ್ಲ.

ಇನ್ನು ಯಾವ ಖರ್ಚು ಕಡಿಮೆ ಮಾಡಬೇಕು? ಮಗುವಿನ ಹಾಲು, ತತ್ತಿ, ಶೇಂಗಾ, ಕಾಳು ಕಡಿಮೆ ಮಾಡಬೇಡಿರಿ. ಚಹಾ ಬಿಡಿರಿ ಎಂದೂ ನಾನು ಹೇಳುವುದಿಲ್ಲ; ರಾತ್ರಿ ಪಾಳಿ ಮಾಡುವವರಿಗೆ ಅದು ಔಷಧ. ನೋಡಬೇಕಾದದ್ದು ಕಣ್ಣಿಗೆ ಬೀಳದ ಖರ್ಚನ್ನು. ಮಗುವಿಗೆ ದಿನಾಲು ಹತ್ತು ರೂಪಾಯಿಯ ಚಿಪ್ಸ್ ಪಾಕೀಟು ಕೊಡಿಸಿದರೆ ವರ್ಷಕ್ಕೆ 3,650. ಹೊಟ್ಟೆಯೂ ತುಂಬುವುದಿಲ್ಲ. ಅಪ್ಪನ ಮಾವಾ, ತಂಬಾಕು ದಿನಕ್ಕೆ 40 ಎಂದು ಹಿಡಿದರೆ 14,600. (ಹಿಂದಿನ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದರು, ನಾನು ಯಾರ ಹೆಸರನ್ನೂ ಹೇಳಲಿಲ್ಲ.)

ಉದ್ರಿ ಇನ್ನೊಂದು. ಉದ್ರಿಗೆ ಅಂಗಡಿಯವರು ಬಡ್ಡಿ ಹಾಕುವುದಿಲ್ಲ, ನಿಜ. ಆದರೆ ಉದ್ರಿ ಇದ್ದ ಅಂಗಡಿಯಲ್ಲಿ ದರ ಕೇಳಲು ನಾಲಗೆ ಏಳುವುದಿಲ್ಲ, ಪಕ್ಕದ ಅಂಗಡಿಯಲ್ಲಿ ಎಣ್ಣೆ ಅಗ್ಗವಿದ್ದರೂ ಅಲ್ಲಿಗೆ ಹೋಗಲು ಆಗುವುದಿಲ್ಲ. ಕೈಯಲ್ಲಿ ರೊಕ್ಕ ಹಿಡಿದು ಹೋದವರು ಸುಗ್ಗಿಯಲ್ಲಿ ಜೋಳ, ಶೇಂಗಾ, ಸಂಕೇಶ್ವರಿ ಮೆಣಸಿನಕಾಯಿ ವರ್ಷಕ್ಕೆ ಬೇಕಾದಷ್ಟು ಕೊಂಡು ಇಡಬಹುದು. ಗಡಹಿಂಗ್ಲಜ ಕಡೆಯ ಅಜ್ಜಿಯರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಆದರೆ ಸಾಲ ಮಾಡಿ ಚೀಲಗಟ್ಟಲೆ ಕೊಳ್ಳಬೇಡಿರಿ, ಸೋರುವ ಮನೆಯಲ್ಲಿಯೂ ಇಡಬೇಡಿರಿ. ಹುಳ ಹಿಡಿದ ಜೋಳ ಯಾವ ದರಕ್ಕೆ ಸಿಕ್ಕರೂ ತುಟ್ಟಿಯೇ.

ಈಗ ಎಲ್ಲಕ್ಕಿಂತ ದೊಡ್ಡ ಖರ್ಚಿನ ಮಾತು. ನೆರೆಮನೆಯ ಮಗು ಟೈ ಕಟ್ಟಿಕೊಂಡು ಇಂಗ್ಲಿಷ್ ಶಾಲೆಯ ವ್ಯಾನು ಹತ್ತುವುದನ್ನು ನೋಡಿ ನಿಮಗೂ ಆಸೆಯಾಗುತ್ತದೆ. ಆಸೆ ತಪ್ಪಲ್ಲ. ಆದರೆ ಎರಡು ವರ್ಷ ಫೀ ತುಂಬಿ, ಮೂರನೆಯ ವರ್ಷ ತುಂಬಲಾಗದೆ ನಮ್ಮ ಶಾಲೆಗೆ ಮರಳಿ ಬಂದ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಹೋದ ಫೀ ಹೋಯಿತು, ಮಗುವಿನ ಎರಡು ವರ್ಷವೂ ಹೋದವು.

ನಮ್ಮ ಶಾಲೆಯಲ್ಲಿ ನಿಮಗೆ ಹಕ್ಕಿನಿಂದ ಸಿಗುವುದನ್ನು ಲೆಕ್ಕ ಹಾಕಿರಿ. ಬಾಲಭಾರತಿಯ ಕನ್ನಡ ಪುಸ್ತಕಗಳು ಎಂಟನೆಯ ಇಯತ್ತೆಯವರೆಗೆ ಉಚಿತ, ಮಧ್ಯಾಹ್ನದ ಊಟ ಉಂಟು. ಹಳ್ಳಿಯಿಂದ ಬರುವ ಹುಡುಗಿಯರಿಗೆ ಐದನೆಯಿಂದ ಹನ್ನೆರಡನೆಯವರೆಗೆ ಅಹಿಲ್ಯಾಬಾಯಿ ಹೋಳ್ಕರ ಯೋಜನೆಯಲ್ಲಿ ಎಸ್.ಟಿ. ಪಾಸು ಉಚಿತ. ಎಂಟನೆಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ, ಕನ್ನಡದಲ್ಲಿಯೇ ಬರೆಯಬಹುದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯವರೆಗೆ ತಿಂಗಳಿಗೆ 1,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕುಟುಂಬದ ವರ್ಷದ ಉತ್ಪನ್ನ ಮೂರೂವರೆ ಲಕ್ಷದೊಳಗಿರಬೇಕು. ಇದು ಸರಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಫೀ ಕೊಟ್ಟು ಕಲಿಯುವ ಖಾಸಗಿ ಶಾಲೆಯ ಮಗು ಈ ಪರೀಕ್ಷೆಗೆ ಕೂಡುವಂತೆಯೇ ಇಲ್ಲ. ಇಂಗ್ಲಿಷಿನ ಚಿಂತೆ ಎನ್ನುವಿರಾ? ಮಹಾರಾಷ್ಟ್ರದಲ್ಲಿ 2000ನೆಯ ಇಸವಿಯಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ವಿಷಯವಿದೆ. ನಮ್ಮ ಶಿಕ್ಷಕರು ಅದನ್ನು ಸರಿಯಾಗಿ ಕಲಿಸುತ್ತಿದ್ದಾರೋ ಇಲ್ಲವೋ ಎಂದು ಬಂದು ಕೇಳಿರಿ; ಕೇಳುವುದಕ್ಕೆ ಫೀ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ರಾಜ್ಯಗಳು ಅನುಕೂಲ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿಸಿದ ವಿಧಿ ಅದು.

ಕೂಡಿಟ್ಟ ದುಡ್ಡನ್ನು ಎಲ್ಲಿ ಇಡಬೇಕು? ಅಂಚೆ ಕಚೇರಿಯ ಆರ್.ಡಿ.ಗೆ ತಿಂಗಳಿಗೆ 100 ರೂಪಾಯಿ ಸಾಕು, ಮುದ್ದತು ಐದು ವರ್ಷ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಖಾತೆ ತೆಗೆಯಿರಿ, ವರ್ಷಕ್ಕೆ 250 ಹಾಕಿದರೂ ನಡೆಯುತ್ತದೆ. ಆದರೆ ಜೂನ್‌ನ ದುಡ್ಡನ್ನು ಇವೆರಡರಲ್ಲಿ ಹಾಕಬೇಡಿರಿ, ಬೇಕೆಂದಾಗ ಬರುವುದಿಲ್ಲ. ಅದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿರಲಿ. ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತಸಂಸ್ಥೆಗೆ ಈ ವಿಮೆ ಇಲ್ಲ. ಫಲಕದ ಮೇಲೆ 'ಬ್ಯಾಂಕ' ಎಂದಿದೆಯೋ 'ಪತಸಂಸ್ಥಾ' ಎಂದಿದೆಯೋ ಓದಿ ನೋಡಿರಿ. ಪಿಗ್ಮಿ ಕಟ್ಟುವವರು ದಿನದ ಪಾವತಿ ಕೈಯಲ್ಲಿ ಬರುವವರೆಗೆ ಏಜಂಟರನ್ನು ಬಿಡಬೇಡಿರಿ.

ಭಿಶಿಯ ಬಗ್ಗೆ ತಾಯಂದಿರು ಕೇಳಿದ್ದಾರೆ. ಹನ್ನೆರಡು ಜನ ಗೆಳತಿಯರು ತಿಂಗಳಿಗೆ 500 ಹಾಕಿ, ಚೀಟಿ ಎತ್ತಿ ಒಬ್ಬರಿಗೆ 6,000 ಕೊಡುವುದು ಒಳ್ಳೆಯ ರೂಢಿಯೇ. ನಿಮ್ಮ ಪಾಳಿ ಮೇ ತಿಂಗಳಿಗೆ ಬರುವಂತೆ ಮಾತಾಡಿಕೊಳ್ಳಿರಿ. ಹರಾಜಿನ ಭಿಶಿ, ಗುರುತಿಲ್ಲದವರ ಭಿಶಿ ಬೇಡ. ಗುಂಪು ಸಾಲದ ಕಂಪನಿಯವರಿಂದ ಈಗಾಗಲೇ ಸಾಲ ಪಡೆದವರು ಇದನ್ನು ತಿಳಿದಿರಲಿ: 2022ರ ರಿಜರ್ವ್ ಬ್ಯಾಂಕ್ ನಿಯಮದ ಪ್ರಕಾರ ಆ ಸಾಲವನ್ನು ಮುದ್ದತಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಕೊನೆಗೆ ಒಬ್ಬ ತಂಗಿ ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ: 'ಡಬ್ಬ್ಯಾಗ ಇಟ್ಟ ರೊಕ್ಕ ಮನಿಯವರು ತಗೀತಾರ್ರಿ, ಏನ್ ಮಾಡೂದು?' ತಂಗೀ, ನಿನ್ನ ಹೆಸರಿನಲ್ಲಿಯೇ ಖಾತೆ ತೆಗೆ. ಮಗುವಿಗೆ ಹತ್ತು ವರ್ಷ ತುಂಬಿದ್ದರೆ ಅದರ ಹೆಸರಿನಲ್ಲಿಯೂ ಖಾತೆ ತೆಗೆಯಬಹುದು, ಸಹಿ ಅದೇ ಮಾಡಬಹುದು. ಆಧಾರ್ ಕಾರ್ಡು, ಎರಡು ಫೋಟೋ, ಮಗುವಿನ ಜನ್ಮದಾಖಲೆ ಹಿಡಿದು ಹೋಗು. ಅರ್ಜಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ತುಂಬಲು ಬಾರದಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಾ, ತುಂಬಿ ಕೊಡುತ್ತೇನೆ.