ಹಪುಷೆಯ ಬಂಧುವರ್ಗ



ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಹಪುಷವೆಂಬ ಹೆಸರಿನಿಂದ ದೊರೆಯುವ, ಕಪ್ಪು ನೇರಿಳೆ ಬಣ್ಣದ, ಜಗಿದರೆ ರಾಳದ ವಾಸನೆ ಮೂಗಿಗೇರುವ ಒಣಗಾಯಿಯನ್ನು ತಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದು ಕನ್ನಡನಾಡಿನ ಯಾವ ಕಾಡಿನದೂ ಅಲ್ಲ, ಹಿಮಾಲಯದ ಎತ್ತರಗಳಲ್ಲಿ ಬೆಳೆಯುವ ಜೂನಿಪರ್ ಗಿಡದ್ದು. ಕಾಯಿಯೆಂದು ಕರೆದೆನಾದರೂ ಶಾಸ್ತ್ರದೃಷ್ಟಿಯಿಂದ ಅದು ಫಲವಲ್ಲ. ಪೈನ್ ಮರದ ಶಂಕುವಿನಲ್ಲಿ ಕಟ್ಟಿಗೆಯಂತೆ ಗಟ್ಟಿಯಾಗುವ ಹುರುಪೆಗಳೇ ಇಲ್ಲಿ ಮಾಂಸಲವಾಗಿ, ಒಂದರೊಡನೊಂದು ಬೆಸೆದು, ಹಕ್ಕಿಗಳು ನುಂಗಿ ದೂರದ ಬಂಡೆಗಳ ಸಂದಿಗೆ ಬೀಜವನ್ನೊಯ್ಯಲು ಅನುಕೂಲವಾಗುವಂತೆ ಉಂಡೆಗಟ್ಟಿವೆ.

ಈ ಜಾತಿಯಲ್ಲಿ 50ಕ್ಕೂ ಮಿಕ್ಕ ಪ್ರಭೇದಗಳುಂಟು. ಅವುಗಳನ್ನು ಬೇರ್ಪಡಿಸುವ ಕಷ್ಟವೇ ಇಂದಿನ ಉಪನ್ಯಾಸದ ವಿಷಯ. ಪಶ್ಚಿಮ ಹಿಮಾಲಯದಲ್ಲಿ, ಎತ್ತರದ ಮರಗಳು ಮುಗಿದು ಹುಲ್ಲುಗಾವಲು ತೊಡಗುವ ಇಳಿಜಾರಿನಲ್ಲಿ, ನೆಲಕ್ಕೊರಗಿದ ಎರಡು ಪೊದೆಗಳು ನೆರೆಹೊರೆಯಾಗಿಯೇ ಇರಬಹುದು; ಎರಡರಲ್ಲಿಯೂ ಸೂಜಿಯಂತಹ ಎಲೆಗಳು, ಎರಡರಲ್ಲಿಯೂ ಮೂರು ಮೂರರ ಸುತ್ತುಗಳು. ಆಗ ಎಲೆಯ ಬುಡವನ್ನು ಪರೀಕ್ಷಿಸತಕ್ಕುದು. ಬುಡವು ಕಿರಿದಾಗಿ ಕೀಲಿನಂತೆ ರೆಂಬೆಯನ್ನು ಕೂಡಿದ್ದು, ಎಲೆಯ ಕಂಕುಳಿನಲ್ಲಿ ಹುಟ್ಟಿದ ಕಾಯಿಯನ್ನು ಒಡೆದಾಗ ಸಾಮಾನ್ಯವಾಗಿ ಮೂರು ಬೀಜಗಳು ದೊರೆತರೆ, ಅದು ಲಿನ್ನೇಯಸ್ 1753ರಲ್ಲಿ ಹೆಸರಿಸಿದ ಕಮ್ಯೂನಿಸ್, ಎಂದರೆ ನಮ್ಮ ಹಪುಷ. ಬುಡವು ರೆಂಬೆಯ ಮೇಲೆಯೇ ಇಳಿದು ಅಂಟಿಕೊಂಡಿದ್ದು, ಕಾಯಿ ಕಿರುರೆಂಬೆಯ ತುದಿಯಲ್ಲಿ ಕುಳಿತು ಒಂದೇ ಬೀಜವನ್ನು ಹೊತ್ತಿದ್ದರೆ, ಅದು ಸ್ಕ್ವಾಮೇಟಾ. ಇದು ಸೇರುವುದು ಸಬೈನಾ ವರ್ಗಕ್ಕೆ. ಆ ವರ್ಗದ ಬಹುಪಾಲು ಮರಗಳು ಎಳವೆಯಲ್ಲಿ ಸೂಜಿಯೆಲೆಗಳನ್ನು ತಳೆದು, ಪ್ರಾಯಕ್ಕೆ ಬಂದಮೇಲೆ ಹುರುಪೆಯೆಲೆಗಳಿಗೆ ತಿರುಗುತ್ತವೆ. ಸ್ಕ್ವಾಮೇಟಾ ಮಾತ್ರ ತಲೆ ನರೆತರೂ ಬಾಲ್ಯದ ಅಂಗಿಯನ್ನು ಕಳಚದ ಮುದುಕನಂತೆ ಕಡೆಯವರೆಗೂ ಸೂಜಿಯೆಲೆಗಳಲ್ಲಿಯೇ ಉಳಿಯುತ್ತದೆ.

ಈ ಸ್ಕ್ವಾಮೇಟಾಕ್ಕೆ ಹೆಸರಿಟ್ಟವನು ನಮಗೆ ಅಪರಿಚಿತನಲ್ಲ. ಟಿಪ್ಪುವಿನ ಪತನಾನಂತರ 1800ರಲ್ಲಿ ಹೊರಟು ಮೈಸೂರು ಸೀಮೆಯನ್ನೂ ನಮ್ಮ ಕರಾವಳಿಯನ್ನೂ ಸುತ್ತಿ, ಹೊಲ, ತೋಟ, ಮಗ್ಗಗಳನ್ನೊಂದನ್ನೂ ಬಿಡದೆ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನೇ ಮುಂದೆ 1802ರಲ್ಲಿ ನೇಪಾಳಕ್ಕೆ ಹೋದನು. ಸ್ಕ್ವಾಮೇಟಾ, ರಿಕರ್ವಾ ಎಂಬ ಹೆಸರುಗಳು ಅವನವು, ಅವುಗಳನ್ನು 1820ರ ದಶಕದಲ್ಲಿ ಪ್ರಕಟಿಸಿದವನು ಡೇವಿಡ್ ಡಾನ್. ಕೊಂಬೆಗಳು ಜೋಲುಬಿದ್ದು, ಹಸಿರಾಗಿರುವಾಗಲೇ ಮುಟ್ಟಿದರೆ ತರಗೆಲೆಯಂತೆ ಸರಸರ ಸದ್ದು ಮಾಡುವ ರಿಕರ್ವಾ, ಆಶ್ಚರ್ಯವೆಂದರೆ, ಮುಂಗಾರು ನೇರವಾಗಿ ಬಂದಪ್ಪಳಿಸುವ ಪೂರ್ವ ಹಿಮಾಲಯದ ಮರ. ಪೀರ್ ಪಂಜಾಲ್ ಶ್ರೇಣಿ ಮೋಡಗಳನ್ನು ತಡೆಯುವುದರಿಂದ ಮಳೆ ವಿರಳವಾದ ಲಾಹೌಲ್ ಕಣಿವೆಯಲ್ಲಿ ಅದಿಲ್ಲ. ಅಲ್ಲಿ ಸೆಮಿಗ್ಲೋಬೋಸಾ ಮೊದಲಾದ ಹುರುಪೆಯೆಲೆಯ ಮರಗಳು ನಿಂತಿವೆ.

ಆದಕಾರಣ ನೆಲೆಯನ್ನು ಕಂಡು ಹೆಸರನ್ನು ಊಹಿಸಬಹುದು, ನಿರ್ಣಯಿಸಹೊರಟರೆ ಮೋಸಹೋಗುವುದುಂಟು. ಕ್ರಿಮಿಯಾದ ಎಕ್ಸೆಲ್ಸಾಕ್ಕೂ ಇಥಿಯೋಪಿಯಾದ ಪ್ರೊಸೆರಾಕ್ಕೂ ಹೋಲಿಕೆ ಎಷ್ಟಿತ್ತೆಂದರೆ, ಎರಡನ್ನೂ ಒಂದೇ ಎಂದು ಬಗೆದ ಪಂಡಿತರಿದ್ದರು. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾನಿಲಯದ ರಾಬರ್ಟ್ ಆಡಮ್ಸ್ ಎಲೆಗಳನ್ನು ಭಟ್ಟಿಯಿಳಿಸಿ ತೈಲದ ಘಟಕಗಳನ್ನು ತೂಗಿನೋಡಿ, ತರುವಾಯ ಡಿ.ಎನ್.ಎ. ಪರೀಕ್ಷೆಯನ್ನೂ ನಡೆಸಿ, ಅವು ಬೇರೆಯೆಂದು ತೋರಿಸಿದರು. ಭೂಮಧ್ಯರೇಖೆಯನ್ನು ದಾಟಿ ಜಿಂಬಾಬ್ವೆಯವರೆಗೆ ಸಹಜವಾಗಿ ಬೆಳೆಯುವ ಜೂನಿಪರ್ ಪ್ರೊಸೆರಾ ಒಂದೇ. ಬಲೂಚಿಸ್ತಾನದ ಜಿಯಾರತ್‌ನ ಪುರಾತನ ವನವಂತೂ ಪುಸ್ತಕಗಳಲ್ಲಿ ಮಾಕ್ರೊಪೋಡಾ ಎನಿಸಿಕೊಂಡು, ಎಕ್ಸೆಲ್ಸಾ ಎನಿಸಿಕೊಂಡು, ಆಡಮ್ಸರ ನಿರ್ಣಯದಂತೆ ಸೆರವ್‌ಶಾನಿಕಾ ಆಗಿದೆ. ಒಮಾನಿನ ಜಬಲ್ ಅಖ್ದರ್ ಪರ್ವತದ ಮರಗಳು, ಭೂಪಟವನ್ನು ನೋಡಿದವರಿಗೆ, ಅದೇ ನೆಲದ ಇನ್ನೊಂದು ತುದಿಯಾದ ಯೆಮನಿನಲ್ಲಿ ಬೆಳೆಯುವ ಪ್ರೊಸೆರಾದ ಬಂಧುಗಳಾಗಿರಬೇಕೆಂದು ತೋರುವುದು ಸಹಜ, ಆದರೆ ಡಿ.ಎನ್.ಎ. ಅವುಗಳನ್ನು ಸೇರಿಸಿದ್ದು ಸಮುದ್ರದಾಚೆಯ ಜಿಯಾರತ್‌ನ ಮರಗಳ ಗುಂಪಿಗೆ.